ಎಡ ಹುಬ್ಬು

ಆಗಸ್ಟ್ 8, ಶುಕ್ರವಾರ

ಮುಂದಿನ ವಾರದ ಪದ ಗೊತ್ತು ಮಾಡಿದೆ: ಸೂಪರ್‌ಸಿಲಿಯಸ್. ಲೈಬ್ರರಿಯ ಹೊರಗಿನ ಕರಿಹಲಗೆಯಲ್ಲಿ ವಾರಕ್ಕೊಂದು ಇಂಗ್ಲಿಷ್ ಪದ, ಅದರ ಅರ್ಥ, ಕನ್ನಡದಲ್ಲಿ ಹತ್ತಿರದ ಮಾತು, ಒಂದು ಉದಾಹರಣೆ ವಾಕ್ಯ. ಕಾಲೇಜಿಗೆ ಇಂಗ್ಲಿಷ್ ಕಲಿಸಲು ಸೇರಿದಾಗಿನಿಂದ ಈ ಕೆಲಸ ನನ್ನ ಪಾಲಿಗೆ ಬಂದಿದೆ. ಅರ್ಧ ಮಕ್ಕಳು ಅದನ್ನು ಓದುವುದಿಲ್ಲ. ಉಳಿದರ್ಧ ಫೋನಿನಲ್ಲಿ ಫೋಟೊ ತೆಗೆದು ಓದುವುದಿಲ್ಲ.

ಅರ್ಥವೇನೋ ಸುಲಭ. ಇತರರನ್ನು ತನಗಿಂತ ಕೆಳಗಿನವರೆಂದು ಕಾಣುವ. ಕನ್ನಡದ ಮಾತು ಹುಡುಕುವಾಗ ತಡವರಿಸಿದೆ. ತಿರಸ್ಕಾರ ಎಂದರೆ ಹೆಚ್ಚಾಯಿತು, ಅದಕ್ಕೆ ಕೋಪ ಬೇಕು. ಉಡಾಫೆಗೆ ಬಾಯಿ ಬೇಕು. ತಾತ್ಸಾರ ಹತ್ತಿರ ಬರುತ್ತದೆ, ಆದರೆ ತಾತ್ಸಾರ ಮಾಡುವವರು ಬೆನ್ನು ತಿರುಗಿಸಿ ಹೋಗುತ್ತಾರೆ. ಈ ಪದದವರು ಎಲ್ಲಿಗೂ ಹೋಗುವುದಿಲ್ಲ. ಎದುರಿಗೇ ಕುಳಿತು, ಏನೂ ಹೇಳದೆ, ಹುಬ್ಬನ್ನು ಎಳ್ಳಿನಷ್ಟು ಮೇಲೆತ್ತುತ್ತಾರೆ. ಪದ ಹುಟ್ಟಿದ್ದೇ ಲ್ಯಾಟಿನ್ನಿನ ಹುಬ್ಬಿನಿಂದ. ಎಷ್ಟು ಚೆಂದ!

ಪದವನ್ನೂ ಅರ್ಥವನ್ನೂ ಸಂಜೆಯೇ ಬರೆದು ಬಂದೆ. ಉದಾಹರಣೆಯ ಜಾಗ ಖಾಲಿ ಬಿಟ್ಟಿದ್ದೇನೆ. ‘ಸೀರೆ ಅಂಗಡಿಯ ಹುಡುಗಿ ನನ್ನ ಚಪ್ಪಲಿಯನ್ನು ನೋಡಿ ಸೂಪರ್‌ಸಿಲಿಯಸ್ ನಗೆ ನಕ್ಕಳು’ ಎಂದು ಬರೆಯಬಹುದು. ಅಥವಾ ಬ್ಯಾಂಕಿನ ಆ ಮ್ಯಾನೇಜರ್. ಇಂಥವರಿಗೇನು ಕೊರತೆ. ಸೋಮವಾರ ಬೆಳಿಗ್ಗೆ ತುಂಬಿಸಿದರಾಯಿತು.

ಆಗಸ್ಟ್ 10, ಭಾನುವಾರ

ಮಗಳು ಬ್ರೆಂಡಾ ಬಂದಿದ್ದಳು. ಈಸ್ಟರ್ ಹಬ್ಬ ಕಳೆದು ಒಂದು ವಾರಕ್ಕೆ ಮನೆ ಬಿಟ್ಟು ದೇರೆಬೈಲಿನಲ್ಲಿ ಗೆಳತಿ ರಂಜಿನಿಯ ಜೊತೆ ರೂಮು ಮಾಡಿದ ಮೇಲೆ ಕಾಟಿಪಳ್ಳದ ನಮ್ಮ ಮನೆಗೆ ಭಾನುವಾರ ಮಾತ್ರ ಬರುತ್ತಾಳೆ. ನೆಂಟರ ಹಾಗೆ ಬಂದು ನೆಂಟರ ಹಾಗೆ ಹೋಗುತ್ತಾಳೆ. ಬಿ.ಕಾಂ.ನಲ್ಲಿ ಅಷ್ಟು ಒಳ್ಳೆಯ ಅಂಕ ತೆಗೆದವಳು ಎಂ.ಕಾಂ. ಸೀಟು ಬಿಟ್ಟು ಮದುವೆ ಹೆಣ್ಣುಗಳಿಗೆ ಮೇಕಪ್ ಮಾಡುತ್ತಾಳೆ. ಅವಳ ಇಷ್ಟ. ನಾನು ಒಂದು ಮಾತೂ ಆಡಿಲ್ಲ. ಯಾರು ಬೇಕಾದರೂ ನನ್ನ ಗಂಡ ಅಲ್ಫೋನ್ಸರನ್ನು ಕೇಳಲಿ, ಒಂದೇ ಒಂದು ಮಾತು ಆಡಿಲ್ಲ.

ಈಸ್ಟರ್ ದಿನ ಊಟದ ಮೇಜಿನಲ್ಲಿ ಫೋನು ಹಿಡಿದು ಯಾವುದೋ ಮದುಮಗಳ ವೀಡಿಯೊ ತೋರಿಸಿದಳು. ‘ಚೆನ್ನಾಗಿದೆ’ ಅಂದೆ. ಅದಕ್ಕೆ ಅವಳು, ‘ನಿನ್ನ ಬಾಯಿ ಒಂದು ಹೇಳ್ತದೆ, ಹುಬ್ಬು ಇನ್ನೊಂದು ಹೇಳ್ತದೆ ಮಮ್ಮಿ. ನಾನು ಸಣ್ಣದರಿಂದ ಹುಬ್ಬನ್ನೇ ಓದಿ ಬೆಳೆದದ್ದು’ ಎಂದು ಊಟ ಬಿಟ್ಟು ಎದ್ದಳು. ಚೆನ್ನಾಗಿದೆ ಎಂದದ್ದಕ್ಕೆ ಸಿಟ್ಟಾಗುವವರಿಗೆ ಏನು ಹೇಳುವುದು?

ನಮ್ಮಲ್ಲಿ ಸಂಜೆಯ ಜಪಮಾಲೆ ಮುಗಿದ ಮೇಲೆ ಕಿರಿಯರು ಒಬ್ಬೊಬ್ಬ ಹಿರಿಯರ ಎದುರೂ ಕೈಜೋಡಿಸಿ ಬೆಸಾಂವ್ ಕೇಳಬೇಕು. ಹಿರಿಯರು ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆ ಬರೆದು ಹರಸಬೇಕು. ಇಂದೂ ಬ್ರೆಂಡಾ ಅಜ್ಜಿಯಿಂದ ಕೇಳಿದಳು, ಅಪ್ಪನಿಂದ ಕೇಳಿದಳು. ನನ್ನ ಸರದಿ ಬಂದಾಗ ‘ಬಸ್ಸಿಗೆ ಲೇಟಾಯ್ತು’ ಎಂದು ಚಪ್ಪಲಿ ಮೆಟ್ಟಿದಳು. ಈಸ್ಟರಿನಿಂದ ಇದೇ ಬಸ್ಸು, ಇದೇ ಲೇಟು.

ಅವಳು ಹೋದ ಮೇಲೆ ಅತ್ತೆ ಹೇಳಿದರು, ಮಸ್ಕತ್‌ನ ಒಂದು ಸೆಲೂನಿನಲ್ಲಿ ಅವಳಿಗೆ ಕೆಲಸ ಸಿಕ್ಕಿದೆಯಂತೆ. ಹೋಗುವುದೋ ಬಿಡುವುದೋ, ಮುಂದಿನ ತಿಂಗಳ ಮೊಂತಿ ಫೆಸ್ತ್ ಹಬ್ಬದೊಳಗೆ ಹೇಳಬೇಕಂತೆ. ಅಜ್ಜಿಗೆ ಹೇಳಿದ್ದಾಳೆ, ಅಪ್ಪನಿಗೆ ಹೇಳಿದ್ದಾಳೆ.

ಆಗಸ್ಟ್ 12, ಮಂಗಳವಾರ

ನಿನ್ನೆ ಹಲ್ಲುಜ್ಜುವಾಗ ನೀರು ಬಾಯಿಯ ಎಡಗಡೆಯಿಂದ ತಾನಾಗಿ ಸುರಿಯಿತು. ಕನ್ನಡಿಯಲ್ಲಿ ನೋಡಿದರೆ ಮುಖದ ಎಡ ಅರ್ಧ ನನ್ನದಲ್ಲ.

ಪಾರ್ಶ್ವವಾಯು ಎಂದೇ ತಿಳಿದು ಅಲ್ಫೋನ್ಸ್ ತಮ್ಮ ಅಂಗಡಿ ತೆರೆಯದೆ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಓಡಿದರು. ಅದಲ್ಲವಂತೆ. ಮುಖದ ನರ ಊದಿಕೊಂಡಿದೆ, ಬೆಲ್ಸ್ ಪಾಲ್ಸಿ, ಹೆಚ್ಚಿನವರಿಗೆ ತಾನಾಗಿ ಗುಣವಾಗುತ್ತದೆ ಎಂದರು ಡಾಕ್ಟರ್. ‘ಹುಬ್ಬು ಎತ್ತಿ’ ಎಂದರು. ಹಣೆಯ ಬಲ ಅರ್ಧ ಸುಕ್ಕಾಯಿತು. ಎಡ ಅರ್ಧ ಇಸ್ತ್ರಿ ಹಾಕಿದ ಹಾಗೆ ಇತ್ತು.

ಎಡಗಣ್ಣು ಮುಚ್ಚುವುದಿಲ್ಲ. ಬರೆಯುವುದು ಕಷ್ಟ.

ಆಗಸ್ಟ್ 15, ಶುಕ್ರವಾರ

ಎಲ್ಲರಿಗೂ ಕಾರಣ ಗೊತ್ತಿದೆ. ಅತ್ತೆಯ ಪ್ರಕಾರ ದೃಷ್ಟಿ. ಒಣಮೆಣಸು, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ‘ನೋಡು, ಒಂಚೂರು ಘಾಟು ಬರ್ಲಿಲ್ಲ! ಇದು ದೊಡ್ಡ ಜನದ ದೃಷ್ಟಿ’ ಎಂದು ಯೋಚಿಸುತ್ತ ಕೂತರು. ಮರುಕ್ಷಣ ‘ಮೇರಿ ಮಾಯೆ, ಕಾಪಾಡು’ ಎಂದು ಮೇರಿ ಮಾತೆಯನ್ನೂ ಕರೆದರು. ಅಲ್ಫೋನ್ಸರ ಪ್ರಕಾರ ಬಸ್ಸಿನ ಕಿಟಕಿಯ ಗಾಳಿ. ಫೋನು ಮಾಡಿದ ನೀರಜಾಕ್ಷಿ, ನಮ್ಮ ಕಾಲೇಜಿನ ಕನ್ನಡದವಳು, ‘ಅದು ವ್ಯಾಲ್ಯುವೇಶನ್ ಮಾಡಿ ಮಾಡಿ ಬಂದದ್ದು ಮಾರಾಯ್ರೆ, ಮಕ್ಕಳ ಉತ್ತರ ಓದಿದ್ರೆ ಯಾರ ಮುಖ ಸರಿ ಉಳೀತದೆ?’ ಎಂದಳು.

ನಗು ಬಂತು. ನಕ್ಕದ್ದನ್ನು ಕನ್ನಡಿಯಲ್ಲಿ ನೋಡಿಕೊಂಡೆ. ಬಾಯಿಯ ಬಲ ಮೂಲೆ ಮಾತ್ರ ಮೇಲೆ ಹೋಗುತ್ತದೆ. ಯಾರನ್ನೋ ಹಂಗಿಸಿದ ಹಾಗೆ ಕಾಣುತ್ತದೆ.

ಕಾಫಿಗೆ ಅರ್ಧ ರುಚಿ, ನಾಲಿಗೆಯ ಎಡಗಡೆಗೆ ಏನೂ ಗೊತ್ತಾಗುವುದಿಲ್ಲ. ‘ಇನ್ನು ನೀನು ಬೈದ್ರೂ ನನಗೆ ಅರ್ಧವೇ ತಾಗುವುದು ಜಾನೆಟ್’ ಎಂದರು ಅಲ್ಫೋನ್ಸ್.

ಆಗಸ್ಟ್ 17, ಭಾನುವಾರ

ಬ್ರೆಂಡಾ ಇಂದು ಬ್ಯಾಗಿನ ಸಮೇತ ಬಂದಿದ್ದಾಳೆ. ‘ಈಗ ಮದುವೆ ಸೀಸನ್ ಅಲ್ಲ, ಕೆಲಸ ಕಡಿಮೆ ಉಂಟು’ ಎಂದು ನನ್ನ ಕಡೆ ನೋಡದೆ ಅಜ್ಜಿಗೆ ಹೇಳಿದಳು.

ಮಧ್ಯಾಹ್ನ ಆಸ್ಪತ್ರೆಯವರು ಕೊಟ್ಟ ವ್ಯಾಯಾಮದ ಕಾಗದ ಹಿಡಿದುಕೊಂಡು ನನ್ನ ಎದುರು ಕುರ್ಚಿ ಎಳೆದು ಕೂತಳು.

‘ಇಲ್ಲಿ ನೋಡು ಮಮ್ಮಿ.’

‘ನಾನೇ ಮಾಡಿಕೊಳ್ತೇನೆ.’ ಮಾತಿನಲ್ಲಿ ಗಾಳಿ ಸೋರುತ್ತದೆ. ಅವಳಿಗೆ ಅರ್ಥವಾಗಲಿಲ್ಲವೋ, ಆಗದ ಹಾಗೆ ಮಾಡಿದಳೋ.

ಎರಡೂ ಕೈಗಳಲ್ಲಿ ನನ್ನ ಮುಖ ಹಿಡಿದಳು. ಗಲ್ಲದಿಂದ ಕೆನ್ನೆಗೆ, ಕೆನ್ನೆಯಿಂದ ಹಣೆಗೆ ಬೆರಳು ಒತ್ತುತ್ತ ಹೋದಳು. ಅವಳ ಬೆರಳು ನಡುಗುತ್ತಿತ್ತು. ಮೇಕಪ್ ಮಾಡುವಾಗಲೂ ಹೀಗೆ ನಡುಗುತ್ತದೆಯೇ? ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಇಷ್ಟು ಹತ್ತಿರದಿಂದ ಅವಳ ಮುಖ ನೋಡದೆ ಎಷ್ಟು ವರ್ಷವಾಯಿತೋ. ಮೂಗಿನ ಪಕ್ಕ ಚಿಕನ್‌ಪಾಕ್ಸಿನ ಒಂದು ಗುಳಿ ಇನ್ನೂ ಇದೆ. ನನ್ನ ಎಡ ಹುಬ್ಬಿನ ಮೇಲೆ ಬೆರಳು ಬಂದಾಗ ಒಂದು ಕ್ಷಣ ನಿಂತಳು.

‘ಎತ್ತು.’

ಪ್ರಯತ್ನಿಸಿದೆ. ಇಲ್ಲ.

‘ಪರವಾಗಿಲ್ಲ’ ಎಂದಳು. ದನಿ ಚಿಕ್ಕದಾಗಿತ್ತು.

ಸಂಜೆ ಮುಲಾಮು ಹಾಕಿ, ರೆಪ್ಪೆ ಎಳೆದು, ಮೇಲಿನಿಂದ ತೆಳ್ಳನೆಯ ಟೇಪು ಅಂಟಿಸಿದಳು. ಬೆಸಾಂವ್ ಕೇಳಲಿಲ್ಲ. ಬಸ್ಸಿಗೆ ಲೇಟಾಗುವ ದಿನವೂ ಇದಾಗಿರಲಿಲ್ಲ.

ಆಗಸ್ಟ್ 21, ಗುರುವಾರ

ಏನೂ ಇಲ್ಲ. ಕೆನ್ನೆ ಉಬ್ಬಿಸಿ, ತುಟಿ ಮುಂದೆ ತನ್ನಿ, ಹುಬ್ಬು ಎತ್ತಿ. ಎತ್ತಿ ಎತ್ತಿ ಸಾಕಾಯಿತು.

ಆಗಸ್ಟ್ 25, ಸೋಮವಾರ

ಕಪ್ಪು ಕನ್ನಡಕ ಹಾಕಿ ಕಾಲೇಜಿಗೆ ಹೋದೆ. ಕ್ಲಾಸಿನೊಳಗೆ ಕಾಲಿಟ್ಟು ನಕ್ಕೆ, ಮಕ್ಕಳು ತಲೆ ತಗ್ಗಿಸಿದರು. ಆಮೇಲೆ ನೆನಪಾಯಿತು, ನನ್ನ ನಗೆ ಈಗ ಹೇಗೆ ಕಾಣುತ್ತದೆ ಎಂದು.

ಪಾಠ ನಾಲ್ಕು ಸಾಲೂ ಮುಂದೆ ಹೋಗಲಿಲ್ಲ. ಮೊದಲೆಲ್ಲ ತಪ್ಪು ಉತ್ತರ ಕೊಟ್ಟವರ ಕಡೆ ಒಮ್ಮೆ ನೋಡಿದರೆ ಸಾಕಿತ್ತು, ಕೂತುಬಿಡುತ್ತಿದ್ದರು. ಈಗ ನೋಡಿದರೆ ನಿಂತೇ ಇರುತ್ತಾರೆ. ‘ತಪ್ಪು, ಆದರೆ ಹತ್ತಿರ ಬಂದಿದ್ದೀಯ, ಇನ್ನೊಮ್ಮೆ ಯೋಚಿಸು’ ಎಂದು ಬಾಯಿಬಿಟ್ಟೇ ಹೇಳಬೇಕು. ಅವರು ಯೋಚಿಸುತ್ತಾರೆ, ಸಮಯ ಹೋಗುತ್ತದೆ. ಎರಡು ವರ್ಷದಿಂದ ಬಾಯಿ ತೆರೆಯದ ಹಿಂದಿನ ಬೆಂಚಿನ ಹುಡುಗಿಯೂ ಇಂದು ಪ್ರಶ್ನೆ ಕೇಳಿದಳು. ಕಾಯಿಲೆಯವರೆಂದರೆ ಮಕ್ಕಳಿಗೆ ಎಷ್ಟು ಸಲುಗೆ!

ಕರಿಹಲಗೆಯ ಪದವನ್ನು ಯಾರೂ ಒರೆಸಿಲ್ಲ. ಖಾಲಿ ಬಿಟ್ಟ ಉದಾಹರಣೆಯ ಜಾಗದಲ್ಲಿ ಮಕ್ಕಳು ಸೀಮೆಸುಣ್ಣದಲ್ಲಿ ಗೀಚಿ ಒರೆಸಿ ಗೀಚಿ ಒರೆಸಿ ಕೊನೆಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಉಳಿದಿದೆ: ‘ಜಾನೆಟ್ ಮಿಸ್ ಸೂಪರ್‌ಸಿಲಿಯಸ್ ಅಲ್ಲ ಅವರ ಮುಖಕ್ಕೆ ಹುಷಾರಿಲ್ಲ ಅಷ್ಟೆ.’

ನೀರಜಾಕ್ಷಿ ಹಿಂದೆ ಬಂದು ನಿಂತಿದ್ದಳು.

‘ಮೊದಲು ಏನು ಬರೆದಿದ್ದರು?’ ಎಂದು ಕೇಳಿದೆ.

‘ಎಂತದು ಮೊದಲು?’

‘ಒರೆಸಿದ್ದಾರಲ್ಲ, ಅದರ ಅಡಿಯಲ್ಲಿ.’

‘ನನಗೆಂತ ಗೊತ್ತು? ನಾನು ಕನ್ನಡದವಳು, ಇಂಗ್ಲಿಷ್ ಬರುದಿಲ್ಲ’ ಎಂದು ಸೆರಗು ಸರಿಮಾಡಿಕೊಂಡು ಹೊರಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, ‘ಮಿಸ್, ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಈಗ ನೀವು ನಗುವಾಗ ಮಾತ್ರ ಹೆದರಿಕೆ ಆಗ್ತದೆ. ಮೊದಲು ನಗದೆ ಇರುವಾಗ ಆಗ್ತಿತ್ತು’ ಎಂದಳು.

ಅವಳ ತಮಾಷೆ ಯಾವಾಗಲೂ ಹೀಗೇ, ತಲೆ ಬುಡ ಇರುವುದಿಲ್ಲ.

ಮಕ್ಕಳ ವಾಕ್ಯದ ಪ್ರಯೋಗ ಸರಿಯಿದೆ. ನಡುವೆ ಕಾಮಾ ಒಂದು ಬೇಕಿತ್ತು. ಕೈಯಲ್ಲಿ ಸೀಮೆಸುಣ್ಣವೂ ಇತ್ತು. ಬಿಟ್ಟು ಬಂದೆ.

ಆಗಸ್ಟ್ 30, ಶನಿವಾರ

ಇಗರ್ಜಿಯಲ್ಲಿ ಹಬ್ಬದ ನೊವೆನಾ ಪ್ರಾರ್ಥನೆ ಶುರು. ಇನ್ನು ಒಂಬತ್ತು ದಿನ ಮಕ್ಕಳು ಬಾಲ ಮೇರಿಗೆ ಹೂ ಎರಚುತ್ತಾರೆ. ಅತ್ತೆ ನೆರೆಮನೆಯವರ ದಾಸವಾಳಕ್ಕೂ ಕೈಹಾಕಿದ್ದಾರೆ. ಕೇಳಿದರೆ ‘ಮಾತೆಗೆ ಕೊಡುವುದಕ್ಕೆ ಯಾರನ್ನು ಕೇಳುವುದುಂಟಾ?’ ಎನ್ನುತ್ತಾರೆ.

ಕಣ್ಣಿಗೆ ಆಯಾಸ. ಓದಲು ಆಗುತ್ತಿಲ್ಲ ಎಂದು ಬ್ರೆಂಡಾಳಿಗೆ ಗೊತ್ತಾಗಿದೆ. ತಲೆದಿಂಬಿನ ಪಕ್ಕದ ಕವನ ಸಂಕಲನ ಎತ್ತಿಕೊಂಡು ತಾನೇ ಓದತೊಡಗಿದಳು. ಇಂಗ್ಲಿಷ್ ಮೀಡಿಯಮ್ಮಿನ ಮಗು. ಒತ್ತಕ್ಷರ ಬಂದಲ್ಲೆಲ್ಲ ಕಟ್ಟೆ ಹತ್ತಲಾಗದ ಸೈಕಲ್ಲಿನ ಹಾಗೆ ನಿಂತು, ಹಿಂದೆ ಹೋಗಿ, ಪುನಃ ಬರುತ್ತಾಳೆ. ನನಗೆ ಬಾಯಿಪಾಠ ಬರುವ ಕವಿತೆ. ತಿದ್ದಬಹುದಿತ್ತು. ಆದರೆ ನನ್ನ ಬಾಯಿಗೆ ಈಗ ತುಟಿ ಸೇರಿಸಬೇಕಾದ ಅಕ್ಷರಗಳೇ ಆಗುವುದಿಲ್ಲ. ಪ, ಬ, ಮ ಎಲ್ಲ ಗಾಳಿಯಾಗಿ ಹೋಗುತ್ತವೆ. ಸುಮ್ಮನೆ ಕೇಳಿದೆ. ಅವಳು ನಿಂತು ನಿಂತು ಓದಿದ್ದರಿಂದ, ಇಷ್ಟು ವರ್ಷ ನಾನು ದಾಟಿಹೋಗುತ್ತಿದ್ದ ಒಂದು ಶಬ್ದ ಇಂದು ಕಿವಿಗೆ ಬಿತ್ತು.

‘ಸಾಕಾ ಮಮ್ಮಿ? ಅಧ್ವಾನ ಆಯ್ತಲ್ಲ?’ ಎಂದಳು.

ಇನ್ನೊಂದು ಓದು ಎಂದು ಕೈಸನ್ನೆ ಮಾಡಿದೆ.

ಸೆಪ್ಟೆಂಬರ್ 3, ಬುಧವಾರ

ವ್ಯಾಯಾಮದ ಕಾಗದದಲ್ಲಿ ತುಟಿಯ ಅಕ್ಷರಗಳಿರುವ ಶಬ್ದಗಳನ್ನು ಹೇಳಿ ಎಂದಿದೆ. ನಾನು ‘ಬ್ರೆಂಡಾ’ ಎಂದು ಹೇಳುತ್ತೇನೆ. ಒಂದೇ ಶಬ್ದವಾದರೆ ಗುಣವಾಗುವುದು ಗೊತ್ತಾಗುತ್ತದೆ, ಅದಕ್ಕೆ. ವ್ರೆಂಡಾ, ಹ್ರೆಂಡಾ, ವ್ರೆಂಡಾ. ಅಡುಗೆಮನೆಯಿಂದ ಅವಳು ‘ಎಂತ ಮಮ್ಮಿ?’ ಎಂದು ಪ್ರತಿ ಸಲವೂ ಕೇಳುತ್ತಿದ್ದಳು. ಏನಿಲ್ಲ, ಅಭ್ಯಾಸ ಎಂದರೂ ಪ್ರತಿ ಸಲವೂ.

ಸಂಜೆ ನಾನೇ ಕೇಳಿದೆ, ಈಸ್ಟರಿನ ಆ ವೀಡಿಯೊ ಉಂಟಾ ಎಂದು. ಅವಳು ನನ್ನನ್ನು ನೋಡಿದಳು. ಬಹಳ ಹೊತ್ತು ನನ್ನ ಹಣೆಯನ್ನೇ ನೋಡಿದಳು. ಆಮೇಲೆ ಫೋನು ತೆಗೆದಳು.

ಒಂದು ಕಣ್ಣಿಂದ ನೋಡಿದೆ. ಕಪ್ಪಗಿನ, ದುಂಡು ಮುಖದ ಹುಡುಗಿ. ಬ್ರೆಂಡಾಳ ಕೈ ಬಂದು ಹೋಗುತ್ತದೆ. ಹುಡುಗಿಯ ಕಣ್ಣಿನ ಅಂಚು ಒದ್ದೆಯಾಗಿದೆ.

‘ಅಳ್ತಿದ್ದಾಳಾ?’

‘ಹೌದು. ಅವಳ ಪಪ್ಪ ತೀರಿ ವರ್ಷ ಆಗಿರ್ಲಿಲ್ಲ. ಕಣ್ಣಿಗೆ ಹಚ್ಚಿದ್ದೆಲ್ಲ ಹರಿದು ಹೋಗ್ತಿತ್ತು. ನಾನು ಪುನಃ ಪುನಃ ಮಾಡ್ತಿದ್ದೆ. ಕೊನೆಗೆ ಬ್ರಶ್ ಕೆಳಗಿಟ್ಟು, ಅತ್ತು ಮುಗಿಸು, ನಂತರ ಮಾಡುವ ಅಂದೆ. ಅವಳ ಮನೆಯವರು ಹೊರಗಿಂದ ಬಾಗಿಲು ಬಡಿಯುದೇ ಬಡಿಯುದು.’

‘ಮತ್ತೆ?’

‘ಮತ್ತೆ ಎಂತ, ನಾನೂ ಅತ್ತುಬಿಟ್ಟೆ. ಇಬ್ಬರಿಗೂ ಮೇಕಪ್ ಆಗ್ಬೇಕಾಯ್ತು.’

ಇನ್ನೊಮ್ಮೆ ಹಾಕು ಎಂದೆ. ಹಾಕಿದಳು. ಈಸ್ಟರ್ ದಿನ ಇದು ಇಷ್ಟು ಉದ್ದವಿತ್ತೇ? ನಾನು ಪೂರ್ತಿ ನೋಡಿದ್ದೆನಲ್ಲ.

‘ಮಸ್ಕತ್‌ಗೆ ಹೋಗ್ತೀಯಾ?’ ಎಂದು ಕೇಳಿಬಿಟ್ಟೆ. ಮಸ್ಕತ್‌ನ ಮೊದಲ ಅಕ್ಷರ ನನ್ನ ತುಟಿಯಲ್ಲಿ ನಿಲ್ಲಲಿಲ್ಲ, ಅಸ್ಕತ್ ಎಂದು ಬಂತು. ಅವಳು ನಗಲಿಲ್ಲ.

‘ಹಬ್ಬದೊಳಗೆ ಹೇಳ್ಬೇಕು. ಇಲ್ಲಿ ಮಾಡ್ಲಿಕ್ಕೆ ಎಂತ ಉಂಟು ಅಂತ ಅನಿಸ್ತಿತ್ತು. ಮನೆಯಲ್ಲಿ ನನ್ನ ಕೆಲಸಕ್ಕೆ ಒಂದು ಹೆಸರೇ ಇಲ್ಲ. ಪಪ್ಪ ಯಾರಾದ್ರೂ ಕೇಳಿದ್ರೆ ಬಿ.ಕಾಂ. ಆಗಿದೆ ಅಂತ ಹೇಳ್ತಾರೆ. ನೀನು…’

ನಿಲ್ಲಿಸಿದಳು. ನನಗೆ ಹೇಳಲು ಎಷ್ಟೋ ಇತ್ತು. ಎಲ್ಲದರಲ್ಲೂ ಪ ಬ ಮ ಇತ್ತು. ‘ಕೈ ನಡುಗುತ್ತದಾ, ಕೆಲಸ ಮಾಡುವಾಗ?’ ಎಂದು ಮಾತ್ರ ಕೇಳಿದೆ.

‘ಇಲ್ಲ’ ಎಂದಳು. ‘ನಿನ್ನ ಮುಖಕ್ಕೆ ಮಾತ್ರ.’

ಸೆಪ್ಟೆಂಬರ್ 6, ಶನಿವಾರ

ಬಾಯಿಯ ಮೂಲೆ ಸ್ವಲ್ಪ ಅಲುಗುತ್ತದೆ. ನೀರು ಸೋರುವುದಿಲ್ಲ. ಬ್ರೆಂಡಾ ಎಂದರೆ ಬ್ರೆಂಡಾ ಎಂದೇ ಕೇಳಿಸುತ್ತದೆ. ಆದರೂ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೇನೆ, ಅಭ್ಯಾಸ ತಪ್ಪಬಾರದು.

ಹುಬ್ಬು ಇನ್ನೂ ಇಲ್ಲ. ಅದು ಕೊನೆಗೆ ಬರುವುದಂತೆ, ಬಾರದೆಯೂ ಇರಬಹುದಂತೆ. ಬ್ರೆಂಡಾ ಡಾಕ್ಟರನ್ನು ಬಿಡದೆ ಕೇಳಿದಳು, ‘ಎಷ್ಟು ಸಲ ಒತ್ತಬೇಕು? ಹೆಚ್ಚು ಒತ್ತಿದ್ರೆ ಬೇಗ ಬರ್ತದಾ?’ ಹೊರಗೆ ಬಂದ ಮೇಲೆ ಆಟೋದಲ್ಲೂ ಒತ್ತಿದಳು.

ಮಸ್ಕತ್‌ನವರಿಗೆ ಅವಳು ಏನು ಹೇಳಿದಳೆಂದು ನಾನು ಕೇಳಿಲ್ಲ. ಕೇಳಲು ಧೈರ್ಯವಿಲ್ಲ.

ಕರಿಹಲಗೆ ಒರೆಸಿದೆ. ಉದಾಹರಣೆ ಕೊನೆಗೂ ಬರೆಯಲಿಲ್ಲ. ಸೀರೆ ಅಂಗಡಿಯ ಹುಡುಗಿಗೆ ಆ ದಿನ ಹಲ್ಲುನೋವೋ ಏನೋ, ಯಾರಿಗೆ ಗೊತ್ತು.

ಸೆಪ್ಟೆಂಬರ್ 8, ಸೋಮವಾರ. ಮೊಂತಿ ಫೆಸ್ತ್

ಇಂದು ಮಾತೆಯ ಜನ್ಮದಿನ, ನಮಗೆ ಹೊಸ ತೆನೆಯ ಹಬ್ಬ. ಪೂಜೆ ಮುಗಿಸಿ, ಹರಸಿದ ಭತ್ತದ ತೆನೆ ಹಿಡಿದು ಬಂದೆವು. ಅತ್ತೆ ಕಾಳು ಸುಲಿದು, ಕುಟ್ಟಿ, ಪಾಯಸಕ್ಕೆ ಬೆರೆಸಿದರು. ಮನೆಯ ಹಿರಿಯರು ತಮ್ಮ ಕೈಯಿಂದ ಕೊಟ್ಟ ಮೇಲೆಯೇ ಊಟ. ಮೀನಿಲ್ಲ, ಮಾಂಸವಿಲ್ಲ, ಬಾಳೆಲೆಯ ಮೇಲೆ ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳು. ಕೆಸುವಿನ ದಂಟಿಗೆ ಅಂಬಟೆ ಹೆಚ್ಚಾಗಿತ್ತು. ಹುಳಿ ನಾಲಿಗೆಯ ಎರಡೂ ಕಡೆ ತಾಗಿತು!

ಪಾಯಸ ಬಡಿಸುವಾಗ ಬ್ರೆಂಡಾ, ‘ನಾನು ಮಸ್ಕತ್‌ನವರಿಗೆ ಬರುದಿಲ್ಲ ಅಂತ ಹೇಳಿದೆ’ ಎಂದಳು.

ಅಲ್ಫೋನ್ಸ್ ಸೌಟು ಹಿಡಿದೇ ನಿಂತರು.

‘ಕದ್ರಿಯಲ್ಲಿ ನಾನೂ ರಂಜಿನಿಯೂ ಒಂದು ಸಣ್ಣ ಜಾಗ ನೋಡಿದ್ದೇವೆ. ಒಂದು ಕನ್ನಡಿ, ಎರಡು ಕುರ್ಚಿ ಹಿಡಿಸ್ತದೆ.’ ಆಮೇಲೆ ನನ್ನ ಕಡೆ ತಿರುಗಿ, ‘ಬೋರ್ಡಿಗೆ ಒಂದು ಲೈನ್ ಬರೆದಿದ್ದೇನೆ ಮಮ್ಮಿ. ಇಂಗ್ಲಿಷ್ ಸರಿ ಉಂಟಾ ನೋಡು’ ಎಂದಳು.

ನನ್ನ ಹತ್ತಿರ ಅವಳು ಇಂಗ್ಲಿಷ್ ಕೇಳಿದ್ದು ಶಾಲೆ ಮುಗಿದ ಮೇಲೆ ಇದೇ ಮೊದಲು. ಹೇಳು ಎಂದೆ.

ಗಂಟಲು ಸರಿಮಾಡಿಕೊಂಡಳು. ‘ಬ್ರೆಂಡಾ ಆ್ಯಂಡ್ ರಂಜಿನಿ. ಗಾಡ್ ಗೇವ್ ಯು ಫೇಸ್, ವಿ ಗಿವ್ ಯು ಫಿನಿಶಿಂಗ್.’

ಮೇಜಿನ ಸುತ್ತ ಇದ್ದಕ್ಕಿದ್ದಂತೆ ಯಾರೂ ಉಣ್ಣುತ್ತಿರಲಿಲ್ಲ. ಅಲ್ಫೋನ್ಸ್ ಸೌಟಿನೊಳಗೆ ನೋಡುತ್ತಿದ್ದರು. ಅತ್ತೆಯ ಕೈ ಎದೆಯ ಮೇಲಿತ್ತು. ಬ್ರೆಂಡಾ ನನ್ನ ಹಣೆಯನ್ನು ನೋಡುತ್ತ ಬಾಯಿ ತೆರೆದು ನಿಂತಿದ್ದಳು. ಏನಾಯಿತೆಂದು ನನಗೆ ತಿಳಿಯಲಿಲ್ಲ. ನಾನು ಒಂದು ಮಾತೂ ಆಡಿರಲಿಲ್ಲ.

‘ಮಮ್ಮೀ! ಹುಬ್ಬು!’

ಪಾಯಸದ ಪಾತ್ರೆಯನ್ನು ದೂಡಿಕೊಂಡು ಓಡಿ ಬಂದು ನನ್ನ ಮುಖ ಹಿಡಿದಳು. ‘ಎತ್ತಿತು! ಪಪ್ಪ, ನೋಡಿದ್ರಾ? ಎಡದ್ದು! ಅದೇ, ಮೊದಲಿನ ಹಾಗೆಯೇ! ಇನ್ನೊಮ್ಮೆ ಮಾಡು ಮಮ್ಮಿ, ನಾನು ಇನ್ನೊಮ್ಮೆ ಹೇಳ್ತೇನೆ. ಗಾಡ್ ಗೇವ್ ಯು ಫೇಸ್…’

ಪುನಃ ಎದ್ದಿತು. ನನಗೂ ಗೊತ್ತಾಯಿತು ಈ ಸಲ, ಚರ್ಮದಡಿ ಇರುವೆ ನಡೆದ ಹಾಗೆ.

‘ವಿ ಗಿವ್ ಯು ಫಿನಿಶಿಂಗ್!’ ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು.

‘ಅಯ್ಯೋ ದೇವಾ’ ಎಂದರು ಅತ್ತೆ, ‘ಅದು ಪುನಃ ಬಂತಾ?’

ಅಲ್ಫೋನ್ಸರ ಮೂಗಿನಿಂದ ಪಾಯಸ ಬಂತು.

‘ಮತ್ತೆ, ಲೈನ್ ಹೇಗುಂಟು?’ ಎಂದು ಬ್ರೆಂಡಾ ಕಣ್ಣೊರೆಸಿಕೊಂಡು ಕೇಳಿದಳು. ‘ಸತ್ಯ ಹೇಳು.’

ಫೇಸ್ ಶಬ್ದಕ್ಕೆ ಮುಂಚೆ ಒಂದು ‘ಎ’ ಬೇಕು. ಫಿನಿಶಿಂಗ್ ಎಂದರೆ ಮರಗೆಲಸದವರ ಮಾತು. ಅದೆಲ್ಲ ಹೇಳಿದೆ. ಅವಳು ಪೆನ್ನು ತಂದಳು. ‘ಎ’ ಸೇರಿಸಿದಳು, ಫಿನಿಶಿಂಗ್ ಬಿಡಲು ಒಪ್ಪಲಿಲ್ಲ. ‘ಜನರಿಗೆ ಅದೇ ಅರ್ಥ ಆಗುದು ಮಮ್ಮಿ.’ ಇರಲಿ ಎಂದೆ. ಕದ್ರಿಯಲ್ಲಿ ಬಸ್ಸಿಳಿದು ಕಾಲೇಜಿಗೆ ನಡೆಯುವಾಗ ಆ ಬೋರ್ಡು ದಿನಾ ಕಣ್ಣಿಗೆ ಬೀಳುತ್ತದೆ. ನೋಡಿ ನೋಡಿ ಸರಿಯಾಗುತ್ತದೆ.

ಸಂಜೆ ಜಪಮಾಲೆ ಮುಗಿಯಿತು. ಬ್ರೆಂಡಾ ಅಜ್ಜಿಯ ಎದುರು ನಿಂತಳು, ಅಪ್ಪನ ಎದುರು ನಿಂತಳು. ನಾನು ಮೇಣದಬತ್ತಿ ಆರಿಸುವ ನೆಪದಲ್ಲಿ ಎದ್ದೆ. ತಿರುಗಿದಾಗ ಅವಳು ಕೈಜೋಡಿಸಿ ನನ್ನ ಎದುರೇ ಇದ್ದಳು.

‘ಬೆಸಾಂವ್ ದಿ, ಮಮ್ಮಿ.’

ದೇವರು ಒಳ್ಳೆಯದು ಮಾಡಲಿ, ‘ದೇವ್ ಬರೆಂ ಕರುಂ’ ಎಂದೆ. ಬ ಸರಿಯಾಗಿ ಬಂತು. ಶಿಲುಬೆ ಬರೆಯುವಾಗ ಅವಳ ಹುಬ್ಬಿಗೆ ಹೆಬ್ಬೆರಳು ತಾಗಿತು. ಪೆನ್ಸಿಲ್ ಹಚ್ಚಿದ್ದಳು, ಹಬ್ಬವಲ್ಲವೇ. ಕಂದು ಬಣ್ಣ ಸ್ವಲ್ಪ ನನ್ನ ಬೆರಳಿಗೆ ಬಂತು. ಬರೆಯುವಾಗ ಕಾಗದಕ್ಕೂ ತಾಗುತ್ತಿದೆ. ಕೈ ತೊಳೆದರೆ ಹೋಗುತ್ತದೆ. ನಾಳೆ ತೊಳೆದರಾಯಿತು.